ಹಾಲಿಗೂ ಮದ್ದಿನ ಕೂಗು

ತರೀಕೆರೆ ಬಳಿಯ ನಮ್ಮ ಗಣಿ ಮುಚ್ಚಿದರೂ ಅಲ್ಲಿನ ಬ್ಲಾಸ್ಟಿಂಗ್ ಮೇಸ್ತ್ರಿಗೆ ಬಂಡೆಗೆ ಮದ್ದಿಡುವಾಗಿನ ಕೂಗು ಬಿಟ್ಟುಹೋಗಿರಲಿಲ್ಲ. ಸೀನು ಬಂದರೂ ಕೈ ಎತ್ತಿ, "ಸರೀರೋ, ಸಿಡೀತೈತೆ!" ಎನ್ನುತ್ತಿದ್ದರು.

ಕಾರ್ಮಿಕರ ಲೈನ್ ಮನೆಗಳು ಕುಸಿದು, ಅರ್ಧ ಜನ ಜಾಗ ಬಿಟ್ಟಿದ್ದರು. ಅಲ್ಲೇ ಈಗ ಹೊಸ ಮನೆಗಳೆದ್ದವು; ಹೆಚ್ಚಿನವು ಇನ್ನೂ ಖಾಲಿ. ಮೊದಲ ಗೃಹಪ್ರವೇಶ ಮೇಸ್ತ್ರಿಯದೇ. ಬಿಟ್ಟುಹೋದವರೂ ನೋಡಲು ಬಂದರು. ಒಲೆಯ ಮೇಲೆ ಹಾಲು ಏರತೊಡಗಿದ್ದೇ ತಡ, ಮೇಸ್ತ್ರಿಯ ಕೈ ಮೇಲೆದ್ದಿತು.

"ಸರೀರೋ, ಸಿಡೀತೈತೆ!"

ನಾವು ಹಳೇ ಕೆಲಸಗಾರರೆಲ್ಲ ಕಿವಿ ಮುಚ್ಚಿಕೊಂಡು ಬೀದಿಗೆ ಓಡಿದೆವು. ಪೂಜೆಗೆ ಬಂದಿದ್ದ ಐನೋರೂ ಪಂಚೆ ಎತ್ತಿಕೊಂಡು ಓಡಿದರು! ಒಳಗೆ ಮೇಸ್ತ್ರಿಯೊಬ್ಬರೇ.

"ಉಕ್ತು ಕಣ್ರೋ! ಬರ್ರೋ ಒಳಕ್ಕೆ!"

ಬಿದ್ದು ಬಿದ್ದು ನಗುತ್ತ ಎಲ್ಲರೂ ನುಗ್ಗಿದೆವು. ಜಾಗ ಬಿಟ್ಟುಹೋಗಿದ್ದವನೊಬ್ಬ ಕಣ್ಣೊರೆಸಿಕೊಳ್ಳುತ್ತ ಹೊಸಿಲ ಮೇಲೇ ನಿಂತು ಕೇಳಿದ: "ಅಣ್ಣಾ, ಪಕ್ಕದ ಮನೆ ಇನ್ನೂ ಖಾಲಿ ಐತಾ?"