ಅಕ್ಕನ ಗೋಧಿ, ತಮ್ಮನ ಜೋಳ

ಮಾರ್ಕೆಟ್ಟಿನವರು ಅವನಿಗೆ ಇಟ್ಟ ಹೆಸರು ಫ್ಯಾಮಿಲಿ ಪ್ಲಾನಿಂಗು. ಅವನು ಸೈಕಲ್ಲು ನಿಲ್ಲಿಸುವುದೇ ತಡ, ತರಕಾರಿಯವಳು "ಬಂದ್ರಪ್ಪ ಫ್ಯಾಮಿಲಿ ಪ್ಲಾನಿಂಗು, ಗಂಡಸರೆಲ್ಲ ಸ್ವಲ್ಪ ಹುಷಾರು" ಎನ್ನುವಳು, ಸುತ್ತಲಿದ್ದವರು ಬಿದ್ದು ಬಿದ್ದು ನಗುವರು. ಅವನೂ ನಗುತ್ತಿದ್ದ. ಐವತ್ತನಾಲ್ಕು ವರ್ಷದ ಮನುಷ್ಯ, ನಗರಸಭೆಯ ಆರೋಗ್ಯ ಶಾಖೆಯಲ್ಲಿ ಕೂಲಿಗಿಂತ ಒಂದೇ ಒಂದು ಮೆಟ್ಟಿಲು ಮೇಲಿದ್ದವನು. ನಗದೆ ಇನ್ನೇನು ಮಾಡಿಯಾನು?

ಕೆಲಸ ಹೇಳುವುದಕ್ಕೆ ಸುಲಭ. ದಿನಾ ಬೆಳಿಗ್ಗೆ ಊರಿನ ಹನ್ನೊಂದು ಜಾಗಗಳಲ್ಲಿ ಪಾರಿವಾಳಗಳಿಗೆ ಔಷಧ ಸವರಿದ ಮೆಕ್ಕೆಜೋಳ ಎರಚಬೇಕು. ಅದನ್ನು ತಿಂದ ಹಕ್ಕಿ ಮೊಟ್ಟೆಯಿಡುತ್ತದೆ, ಕಾವಿಗೂ ಕೂರುತ್ತದೆ, ಮರಿ ಮಾತ್ರ ಆಗುವುದಿಲ್ಲ. ಆದರೆ ಹಸಿದ ಹೊಟ್ಟೆಯಲ್ಲಿ ತಿನ್ನಬೇಕು, ಒಂದು ದಿನವೂ ತಪ್ಪಬಾರದು. ನಾಲ್ಕು ದಿನ ತಪ್ಪಿತೋ, ಮತ್ತೆ ಮೊದಲಿನಿಂದ ಶುರು. ಆರು ವರ್ಷದಲ್ಲಿ ಅವನು ಜ್ವರ ಬಂದರೂ ರಜೆ ಹಾಕಿದವನಲ್ಲ.

ಅದಕ್ಕೂ ಮುಂಚೆ ಅವನ ಕೈಯಲ್ಲಿದ್ದದ್ದು ವಿಷ. ಸಂಜೆ ಕಾಳು ಹಾಕುವುದು, ಬೆಳಿಗ್ಗೆ ಗೋಣಿಚೀಲ ಹಿಡಿದು ಆರಿಸುವುದು. ಆರಿಸಿದವೆಲ್ಲ ಸತ್ತಿರುತ್ತಿರಲಿಲ್ಲ. ಹೊತ್ತ ಚೀಲದೊಳಗಿಂದ ರೆಕ್ಕೆ ಬಡಿಯುವುದು ಬೆನ್ನಿಗೆ ತಾಗುತ್ತಿತ್ತು. ಆ ವರ್ಷಗಳಲ್ಲಿ ಅಕ್ಕ ಅವನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವನಾಗಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳು ಮಾತು ಬಿಟ್ಟರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಔಷಧದ ಕಾಳು ಬಂದ ದಿನ ಓಡಿಬಂದು ಹೇಳಿದ್ದ: "ಅಕ್ಕ, ಇನ್ಮೇಲೆ ನಾನು ಯಾವುದನ್ನೂ ಸಾಯಿಸೋದಿಲ್ಲ."

ಹತ್ತು ಜಾಗಗಳಲ್ಲಿ ಹಕ್ಕಿಗಳು ಅರ್ಧಕ್ಕಿಳಿದವು. ಹನ್ನೊಂದನೆಯದು, ಅವನ ಮನೆಯ ಎದುರಿನ ಮಾರ್ಕೆಟ್ಟು, ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮೊದಲು ಇಳಿದ ಸಂಖ್ಯೆ ಈ ವರ್ಷ ಏರತೊಡಗಿತು. ಬೇರೆಲ್ಲೋ ಹೊಟ್ಟೆ ತುಂಬಿಸಿಕೊಂಡು ಬರುತ್ತಿವೆಯೆಂದು ಹಿಟ್ಟಿನ ಗಿರಣಿಯವನನ್ನು ಬೈದ, ಬೇಕರಿಯ ಹಿಂಬಾಗಿಲು ಕಾದ, ಏನೂ ಸಿಗಲಿಲ್ಲ. ಆರೋಗ್ಯಾಧಿಕಾರಿ ಮೇಡಂ ಕರೆಸಿ ಹೇಳಿದರು: "ಈ ತಿಂಗಳ ಎಣಿಕೇಲೂ ಇಳೀದಿದ್ರೆ ಬಲೆ ಹಾಕಿಸ್ತೀನಿ. ಹಿಡಿದದ್ದನ್ನ ಸಾಕೋಕೆ ನಮಗೆ ಜಾಗ ಇಲ್ಲ, ಏನು ಮಾಡ್ತಾರೆ ಅಂತ ನಿಮಗೇ ಗೊತ್ತಲ್ಲ."

ಇದನ್ನು ಅವನು ಅಕ್ಕನಿಗೆ ಹೇಳಲಿಲ್ಲ. ಮಂಡಿನೋವಿನಿಂದ ಎರಡು ವರ್ಷವಾಯಿತು, ಮೂರನೇ ಮಹಡಿಯಿಂದ ಕೆಳಗಿಳಿಯದವಳು, ಅವಳ ಹೊಟ್ಟೆ ಯಾಕೆ ಉರಿಸುವುದು ಎಂದುಕೊಂಡ. ಇಂಥ ಒಳ್ಳೆಯತನಕ್ಕೆ ಏನನ್ನಬೇಕೋ ನನಗಂತೂ ತಿಳಿಯದು.

ಎಣಿಕೆಯ ದಿನ ಮೇಡಂ ಜೊತೆಗೇ ಬಂದರು. ಬೇರೆ ದಿನ ಅಷ್ಟು ಹೊತ್ತಿಗೆ ಅವನು ಊರಿನ ಆ ಕೊನೆಯಲ್ಲಿರುತ್ತಿದ್ದ, ಮಾರ್ಕೆಟ್ಟಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅಂದು ಮಾರ್ಕೆಟ್ಟಿನ ಮೇಲ್ಛಾವಣಿಯ ಮೇಲೆ ನಿಂತಿದ್ದ. ಎದುರಿಗೇ ಅವನ ಮನೆಯ ತಾರಸಿ. ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪಾರಿವಾಳ. ಅಂಚಿನಲ್ಲಿ ಅಕ್ಕ, ಒಂದು ಕೈಯಲ್ಲಿ ಗೋಡೆ ಹಿಡಿದು ಇನ್ನೊಂದರಿಂದ ಗೋಧಿ ಎರಚುತ್ತಿದ್ದಳು.

"ಅದು ಯಾರ ಮನೆ?" ಎಂದರು ಮೇಡಂ.

"ನಮ್ಮದೇ, ಮೇಡಂ."

ಮನೆಗೆ ಹೋಗಿ ಕೇಳಿದಾಗ ಅಕ್ಕ ಏನನ್ನೂ ಮುಚ್ಚಿಡಲಿಲ್ಲ. "ಅಡುಗೆಮನೆ ಕಿಟಕಿ ಹೊರಗೆ ಗೂಡಿದೆಯಲ್ಲ. ಇಪ್ಪತ್ತೈದು ದಿನ ಕೂತಿತ್ತು ಕಣೋ ಅದು. ಮಳೇಲೂ ಏಳ್ಲಿಲ್ಲ. ಆಮೇಲೆ ಒಂದಿನ ಎದ್ದು ಹೋಯ್ತು. ಮತ್ತೆ ಮೊಟ್ಟೆ ಇಡ್ತು, ಮತ್ತೆ ಕೂತ್ಕೊಳ್ತು. ನನ್ನ ಕೈಲಿ ನೋಡೋಕಾಗ್ಲಿಲ್ಲ. ನಿನ್ನ ಕಾಳಿಗೆ ಮುಂಚೆ ಹೊಟ್ಟೆ ತುಂಬಿಸಿದ್ರೆ ಒಂದೊಂದು ಮರಿಯಾದ್ರೂ ಆಗುತ್ತೆ ಅಂತ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಅಷ್ಟು ಇಷ್ಟಪಟ್ಟು ಮಾಡೋ ಕೆಲಸ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಬಲೆಯ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಅಕ್ಕನ ಮಂಡಿಗಳು ಊದಿಕೊಂಡಿದ್ದವು. ತಾರಸಿಯ ಹದಿನೆಂಟು ಮೆಟ್ಟಿಲನ್ನು ದಿನಾ ಹತ್ತಿ ಇಳಿದದ್ದಕ್ಕೆ. ಅದನ್ನು ನೋಡಿ ಹೇಳದೆಯೇ ಕಚೇರಿಗೆ ಹೊರಟ.

ಕಚೇರಿಯಲ್ಲಿ ಅವನು ಮೇಡಂ ಕಾಲು ಹಿಡಿಯುವುದೊಂದು ಬಾಕಿ. "ಕಾರಣ ಸಿಕ್ತಲ್ಲ ಮೇಡಂ, ಇನ್ನು ಮೂರು ತಿಂಗಳು ಕೊಡಿ, ಅರ್ಧಕ್ಕಿಳಿಸ್ತೀನಿ."

"ಏನಂತ ಬರೀಲಿ? ನಮ್ಮ ನೌಕರರ ಮನೇಲೇ ಕಾಳು ಹಾಕ್ತಿದ್ರು ಅಂತಾನಾ?" ಮೇಡಂ ಕೆಟ್ಟವರೇನಲ್ಲ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಬಲೆಯವರು ಹೇಗೂ ಮೊದಲು ಒಂದು ವಾರ ಕಾಳು ಹಾಕಿ ರೂಢಿ ಮಾಡ್ಬೇಕು. ನಿಮ್ಮ ತಾರಸೀಲಿ ಆಗಲೇ ರೂಢಿಯಾಗಿದೆ. ಗುರುವಾರ ಬರ್ತಾರೆ. ಅಲ್ಲೀತನಕ ನಿಲ್ಲಿಸ್ಬೇಡಿ ಅಂತ ನಿಮ್ಮಕ್ಕನಿಗೆ ಹೇಳಿ. ಅದಾಗಲ್ಲ ಅಂದ್ರೆ ಮತ್ತೆ ಬೀದಿಬೀದೀಲಿ ವಿಷಾನೇ. ಯಾವುದು ಅಂತ ನೀವೇ ಹೇಳಿ."

ಗೋಣಿಚೀಲ ಹೊತ್ತ ಬೆನ್ನು ಏನು ಹೇಳೀತು? ಮನೆಗೆ ಬಂದು "ಹಾಕು ಅಕ್ಕ, ಪರವಾಗಿಲ್ಲ" ಎಂದ. ಅಕ್ಕನ ಮುಖ ಅರಳಿತು. ಮುಂದಿನ ಮೂರು ದಿನ ಕೆಲಸಕ್ಕೆ ಹೊರಡುವ ಮುಂಚೆ ಗೋಧಿಯನ್ನು ಅವನೇ ತಾರಸಿಗೆ ಹೊತ್ತಿಟ್ಟ. ತನ್ನನ್ನು ಕಂಡರೆ ತನಗೇ ಅಸಹ್ಯವಾಗುತ್ತಿತ್ತು, ಆದರೂ ಹೊತ್ತ.

ಗುರುವಾರ ಬಲೆಯವರು ಇಬ್ಬರು ಬಂದರು, ಮಾತು ಕಡಿಮೆ, ಕೈ ಚುರುಕು. ಅಕ್ಕನಿಗೆ ಅವನು ಹೇಳಿದ್ದು, ಹಕ್ಕಿಗಳನ್ನು ಬೇರೆ ಕಡೆ ಸಾಗಿಸುತ್ತಾರೆಂದಷ್ಟೇ. ಅವಳು ಎಂದಿನಂತೆ ಎರಚಿದಳು, ಹಕ್ಕಿಗಳು ಎಂದಿನಂತೆ ಇಳಿದವು, ಬಲೆ ಬಿತ್ತು. ಅಷ್ಟೇ. ಅಕ್ಕ ತಮ್ಮನ ತೋಳು ಹಿಡಿದುಕೊಂಡಳು.

"ಎಲ್ಲಿಗೋ ಇವನ್ನ?"

"ಊರಾಚೆ ಬಯಲಲ್ಲಿ ಬಿಡ್ತಾರೆ, ಅಕ್ಕ."

"ಅಲ್ಲಿ ನಿನ್ನ ಔಷಧ ಇರಲ್ಲ ತಾನೆ?"

"ಇರಲ್ಲ."

"ಹಾಗಾದ್ರೆ ಸರಿ. ಅಲ್ಲಾದ್ರೂ ಮರಿ ಮಾಡ್ಕೊಳ್ಳಲಿ." ಬಲೆಯವರು ಹಕ್ಕಿ ತುಂಬಿದ ಬುಟ್ಟಿಗಳನ್ನು ಇಳಿಸತೊಡಗಿದಾಗ ಉಳಿದ ಗೋಧಿಯನ್ನೆಲ್ಲ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಬಲೆಯವನ ಮುಂದೆ ಹಿಡಿದಳು. "ಹೊಸ ಜಾಗ ಕಣಪ್ಪ. ಎಲ್ಲೇನು ಸಿಗುತ್ತೆ ಅಂತ ಅವಕ್ಕೆ ಒಂದೆರಡು ದಿನ ತಿಳಿಯೋದಿಲ್ಲ. ಇದನ್ನ ಅಲ್ಲಿ ಹಾಕು."

ಬಲೆಯವನು ಕೈ ಚಾಚಲಿಲ್ಲ, ತಮ್ಮನ ಮುಖ ನೋಡಿದ. ಅವನೇ ಮುಂದೆ ಬಂದು ಚೀಲ ಇಸಿದುಕೊಂಡ. "ನಾನೇ ಹಾಕಿ ಬರ್ತೀನಿ, ಅಕ್ಕ" ಎಂದು ಬುಟ್ಟಿಗಳ ಹಿಂದೆ ಮೆಟ್ಟಿಲಿಳಿದ.

ಸಂಜೆ ಬರಿಗೈಯಲ್ಲಿ ಹಿಂತಿರುಗಿದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು.

"ತಿಂದ್ವೇನೋ?"

"ತಿಂದ್ವು ಅಕ್ಕ, ಎಲ್ಲಾ ತಿಂದ್ವು" ಎಂದ.