ಮಾಸ್ಟ್ರು ಕೇಳಿದ ಮಗ್ಗಿ, ನಾನು ಹೇಳಿದ ಮಗ್ಗಿ

ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ಅಪ್ಪ ತಲೆಯಾಡಿಸುತ್ತಾನೆ, ಸೋದರಮಾವ ತೀರ್ಮಾನಿಸುತ್ತಾನೆ. ಎಪ್ಪತ್ತರ ದಶಕದ ಕೊನೆಗೆ ಬೆಳ್ತಂಗಡಿಯಿಂದ ನನ್ನನ್ನು ನೋಡಲು ಬಂದವರಲ್ಲೂ ಹಾಗೆಯೇ. ಹುಡುಗ ಬಾಯಿ ಬಿಡಲಿಲ್ಲ. ಅವನ ಮಾವ, ನಿವೃತ್ತ ಹೆಡ್‌ಮಾಸ್ಟರು, ಬಾಯಿ ಮುಚ್ಚಲಿಲ್ಲ. ಬಂಟ್ವಾಳದ ನಮ್ಮ ಚಾವಡಿಯಲ್ಲಿ ಕಾಫಿಯ ಮೊದಲ ಗುಟುಕಿಗೇ ಹೇಳಿಬಿಟ್ಟರು:

“ಹುಡುಗಿ ಅಡ್ಡಿಯಿಲ್ಲ. ಆದರೆ ಮದುವೆ ಆದ ಮೇಲೆ ಕೆಲಸ ಬಿಡಬೇಕು. ಹೆಂಗಸು ಹೊರಗೆ ಹೋದರೆ ಮನೆ ಕೆಡ್ತದೆ.”

ನಾನು ಪುಂಜಾಲಕಟ್ಟೆಯ ಒಂದು ಶಾಲೆಗೆ ಲೆಕ್ಕದ ಟೀಚರಾಗಿ ಆಗಷ್ಟೇ ಸೇರಿದ್ದೆ. ಆ ಕೆಲಸವೆಂದರೆ ನನಗೆ ಪ್ರಾಣ. ಹುಡುಗನೂ ಹಿಡಿಸಿದ್ದ, ಅದೇ ಪೇಚು. ಎದುರು ಮಾತಾಡಕೂಡದೆಂದು ನನ್ನ ಸೋದರಮಾವ ಬೆಳಿಗ್ಗೆಯೇ ತಾಕೀತು ಮಾಡಿದ್ದರು. ಮೈಯೆಲ್ಲ ಉರಿಯುತ್ತಿತ್ತು, ಆದರೂ ತಲೆ ತಗ್ಗಿಸಿ ನಿಂತಿದ್ದೆ.

“ಲೆಕ್ಕದ ಟೀಚರ್ ಅಲ್ವಾ? ಹತ್ತೊಂಬತ್ತರ ಮಗ್ಗಿ ಹೇಳು ನೋಡುವ.”

ಮಾಸ್ಟ್ರು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರಬೇಡವೇ?

“ಅದು ಮಕ್ಕಳಿಗಾಯ್ತು ಮಾಸ್ಟ್ರೇ. ನಾನು ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳರ ಮಗ್ಗಿ ಹೇಳ್ತೇನೆ. ಯಾವ ಸಾಲು ಬೇಕಾದರೂ ಕೇಳಿ.”

ಮಾಸ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದು ಪಕ್ಕದಲ್ಲಿದ್ದ ಪೇಪರಿನ ಅಂಚಿನಲ್ಲಿ ೧೪೨೮೫೭ ಎಂದು ಬರೆದರು. “ಮೂರು?”

“೪೨೮೫೭೧.”

ಇದು ಮೂಡಬಿದ್ರಿಯಲ್ಲಿ ಓದುವಾಗ ಗೆಳತಿಯರ ತಲೆ ತಿನ್ನಲು ಕಲಿತ ಆಟ. ಆರರವರೆಗೆ ಯಾವುದರಿಂದ ಗುಣಿಸಿದರೂ ಈ ಸಂಖ್ಯೆಯ ಅವೇ ಆರು ಅಂಕಿಗಳು ಅದೇ ಸಾಲಿನಲ್ಲಿ ಸುತ್ತು ಹೊಡೆಯುತ್ತವೆ. ಕೊನೆಯ ಏಳನ್ನು ಮೂರರಿಂದ ಗುಣಿಸಿದರೆ ಕೊನೆಗೆ ಒಂದು ಬರುತ್ತದೆ. ಹಾಗಾದರೆ ಒಂದರ ಮುಂದಿನ ನಾಲ್ಕರಿಂದ ಓದಿದರಾಯಿತು. ಪಾಪ, ಇದು ಮಾಸ್ಟ್ರಿಗೆ ಗೊತ್ತಿರಲಿಲ್ಲ. ತಮ್ಮ ಉತ್ತರದಲ್ಲಿ ಪ್ರಶ್ನೆಯ ಅಂಕಿಗಳನ್ನೇ ಕಂಡು, ಪ್ರಶ್ನೆಯನ್ನೇ ಮತ್ತೆ ಬರೆದೆನೆಂದು ಗಾಬರಿಯಾಗಿ ಹೊಡೆದುಹಾಕಿ ಮೊದಲಿಂದ ಗುಣಿಸಿದರು. ಮತ್ತೂ ಅದೇ ಬಂತು. ಐದು ಕೇಳಿದರು, ಆರು ಕೇಳಿದರು. ಏಳಕ್ಕೆ ನಾನು ಸಾಲಾಗಿ ಆರು ಒಂಬತ್ತು ಹೇಳಿದಾಗ ಕಾಫಿ ತಣ್ಣಗಾಗಿತ್ತು.

ಆಗ ಹುಡುಗ ಬಾಯಿ ಬಿಟ್ಟ. “ಎಂಟು?”

ಎಂಟಕ್ಕೆ ಈ ಸುತ್ತು ಮುರಿಯುತ್ತದೆ. ಒಂದು ಗಳಿಗೆ ಅವನ ಮೇಲೆ ಸಿಟ್ಟು ಬಂತು. “೧೧೪೨೮೫೬,” ಎಂದೆ.

ಮಾಸ್ಟ್ರು ಗುಣಿಸಿ ನೋಡಿ ಅರಳಿದರು. “ಇಗಾ, ಇಲ್ಲಿ ಕೆಟ್ಟಿತು! ಮುಂದೆ ಒಂದು ಹೊರಗೆ ಹೋಯ್ತು, ಹಿಂದೆ ಏಳು ಇದ್ದದ್ದು ಆರಾಯ್ತು.”

“ಕೆಡಲಿಲ್ಲ ಮಾಸ್ಟ್ರೇ. ಆ ಹೊರಗೆ ಹೋದ ಒಂದನ್ನು ಸಂಜೆ ಮನೆಗೆ ಕರೆದು ಆರಕ್ಕೆ ಕೂಡಿಸಿ.”

ಕೂಡಿಸಿದರು. ೧೪೨೮೫೭.

ನನ್ನ ಸೋದರಮಾವ ಜೋರಾಗಿ ಕೆಮ್ಮಿದರು. ಹುಡುಗ ನಗು ತಡೆಯಲು ಮಾಡಿನ ಹಂಚು ನೋಡತೊಡಗಿದ. ಮಾಸ್ಟ್ರು ಮಾತ್ರ ಇನ್ನೊಮ್ಮೆ ಕೂಡಿಸಿ ನೋಡಿದರು. ಆಮೇಲೆ ಪೆನ್ಸಿಲನ್ನು ಜೇಬಿಗೆ ಸೇರಿಸಿ ಕೇಳಿದರು:

“ಪುಂಜಾಲಕಟ್ಟೆಯಿಂದ ಬೆಳ್ತಂಗಡಿಗೆ ಸಂಜೆಯ ಬಸ್ಸು ಎಷ್ಟು ಗಂಟೆಗೆ ಉಂಟು?”