ಮೇಡಂ ಕಾಲಿಗೆ ಹಾಕಿದ ಗಂಟು

ಟ್ರಂಕಿನ ತಳದಲ್ಲಿ ಹಳೇ ಸೀರೆಯ ಅಂಚೊಂದು ಸಿಕ್ಕಿತು. ಇಷ್ಟು ವರ್ಷವಾದರೂ ತೌಡಿನ ವಾಸನೆ ಹೋಗಿಲ್ಲ. ಮೂಸಿದೊಡನೆ ಮಿಲ್ಲಿನ ದಿನಗಳು ನೆನಪಾದವು.

ಆಗ ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಅಕ್ಕಿ ಚೀಲದ ಬಾಯಿ ಹೊಲಿಯುತ್ತಿದ್ದೆ. ಲಿಂಗಸುಗೂರಿನಿಂದ ಮೇಡಂ ಒಬ್ಬರು ಬಸ್ಸಿಗೆ ಬಂದು, ಊಟದ ಬಿಡುವಿನಲ್ಲಿ ನಮಗೆ ಮಕ್ಕಳನ್ನು ಬೆಳೆಸುವ ಪಾಠ ಹೇಳುತ್ತಿದ್ದರು. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು ಎಂದು ನಾವು ಸೆರಗಿನ ಮರೆಯಲ್ಲಿ ನಗುತ್ತಿದ್ದೆವು...

ಒಂದು ದಿನ ಕೇಳಿದರು, "ಈಗ ನಿಮ್ಮ ಮಕ್ಕಳು ಏನ್ ಮಾಡಾಕತ್ತಾವ?"

"ನನ್ ಮಗಳು ಎಲ್ಲೂ ಹೋಗಂಗಿಲ್ರೀ. ಕಾಲು ಕಂಬಕ್ಕ ಕಟ್ಟಿ ಬಂದೀನಿ" ಎಂದೆ, ದೊಡ್ಡ ಜಾಣೆಯ ಹಾಗೆ. ಎರಡು ವರ್ಷದ ಕೂಸು, ಮನೆ ಮುಂದೆಯೇ ಕಾಲುವೆ. ಇನ್ನೇನು ಮಾಡಲಿ?

ಮೇಡಂ ಬೈಯಲಿಲ್ಲ. ಗೋದಾಮಿನ ಕಂಬದ ಬುಡದಲ್ಲಿ ಕುಳಿತು ಕಾಲು ಚಾಚಿದರು. "ಹೆಂಗ ಕಟ್ಟೀಯವ್ವಾ? ನನಗೂ ಹಂಗ ಕಟ್ಟು."

ತೌಡಿನ ಧೂಳಿಗೆಂದು ತಲೆಗೆ ಸುತ್ತಿದ್ದ ಸೀರೆ ಅಂಚು ಬಿಚ್ಚಿ, ಚೀಲಕ್ಕೆ ಹಾಕುವ ಗಂಟನ್ನೇ ಹಾಕಿದೆ. ಜಗ್ಗಿದಷ್ಟೂ ಬಿಗಿಯುವ ಗಂಟು. ಅದಕ್ಕೆ ಮಿಲ್ಲಿನಲ್ಲಿ ನನಗೆ ಹೆಸರಿತ್ತು. ಅವರು ನೀರಿನ ತಂಬಿಗೆಯನ್ನು ದೂರ ಇಡಿಸಿ ಪಾಠ ಶುರುಮಾಡಿದರು. ನಡುವೆ ನೀರಿಗೆ ಕೈ ಚಾಚಿದರು, ಎಟುಕಲಿಲ್ಲ. ಜಗ್ಗಿದರು. ಮತ್ತೆ ಜಗ್ಗಿದರು. ಪಾದ ಕೆಂಪಗಾಗಿ, ಆಮೇಲೆ ಕಪ್ಪಿಟ್ಟಿತು. ನಮ್ಮ ನಗು ನಿಂತುಹೋಯಿತು.

"ಬಿಚ್ಚತೀನ್ರೀ ಮೇಡಂ!"

"ತಡಿ. ನಂದು ಇನ್ನ ಅರ್ಧ ತಾಸೂ ಆಗಿಲ್ಲ. ನಿನ್ ಮಗಳಿಗೆ ಎಷ್ಟೊತ್ತಾತು?"

ಬೆಳಿಗ್ಗೆ ಎಂಟಕ್ಕೆ ಕಟ್ಟಿದ್ದೆ. ಅವರ ಕಾಲು ಬಿಚ್ಚುವುದನ್ನೂ ಮರೆತು ಮನೆಗೆ ಓಡಿದೆ. ಮಗಳು ಅಳುತ್ತಿರಲಿಲ್ಲ. ಅತ್ತು ಅತ್ತು ದನಿಯೇ ಬಿದ್ದುಹೋಗಿತ್ತು. ನನ್ನನ್ನು ಕಂಡದ್ದೇ ತಾನಾಗಿ ಕಾಲು ಮುಂದೆ ಚಾಚಿದಳು... ದಿನವೂ ಹಾಗೇ ಚಾಚುತ್ತಿದ್ದಳು. ನಾನು ಅವತ್ತೇ ಅದನ್ನು ನೋಡಿದ್ದು.

ಗಂಟು ಯಾರಿಗೂ ಬಿಚ್ಚಲು ಬಾರದೆ ಬಟ್ಟೆಯನ್ನೇ ಕೊಯ್ದರಂತೆ. ಗಂಟು ಹಾಗೇ ಉಳಿದಿದ್ದ ಆ ತುಂಡನ್ನು ನಾನು ಮನೆಗೆ ತಂದು ಎತ್ತಿಟ್ಟೆ. ಮುಂದಿನ ಪಾಠಕ್ಕೆ ಮೇಡಂ ಕುಂಟುತ್ತಲೇ ಬಂದರು. ಮಾಲಕರೊಡನೆ ಜಗಳವಾಡಿ ನಮ್ಮ ಮಕ್ಕಳಿಗೊಂದು ಕೋಣೆ ಕೊಡಿಸಿದರು. ನಾನು ನಾಚಿಕೆಯಿಂದ ಅವರ ಮುಖ ನೋಡಲಿಲ್ಲ. ಹೋದ ತಿಂಗಳು ಧೈರ್ಯಮಾಡಿ ಲಿಂಗಸುಗೂರಿಗೆ ಹೋದರೆ, ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಮಗಳಿಗೆ ಇದೇನೂ ನೆನಪಿಲ್ಲ. ಈಗ ಪಕ್ಕದಲ್ಲಿ ಕುಳಿತು ಆ ಅಂಚಿನ ಗಂಟಿಗೆ ಉಗುರು ಹಾಕಿ ಸೋತಳು.

"ಎಷ್ಟ್ ಬಿಗಿ ಐತಿಬೇ! ಯಾರ್ ಹಾಕ್ಯಾರ ಇದನ್ನ?"

"ನಾನಽ" ಎಂದೆ.